ಒಂದೇ ಬೊಟ್ಟು ಬೆಸುಗೆ

ಬುಖಾರೆಸ್ಟ್, ಬೆರ್ಚೆನಿ
ಭಾನುವಾರ, 9 ನವೆಂಬರ್ 1986

ಅಪ್ಪಾ,

ನೀವು ಕಾಲುವೆ ಕಾಮಗಾರಿಗೆ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಎಣಿಸುತ್ತಿರುವವಳು ಅಮ್ಮ, ನಾನಲ್ಲ. ಅವಳಿಗೆ ದಾರದ ಗಿರಣಿಯಲ್ಲಿ ಈ ವಾರ ಬೆಳಗಿನ ಪಾಳಿ. ನಾನು ದುರಸ್ತಿ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸುತ್ತಿದ್ದೇನೆ. ಶಾಲೆಗೆ ಮರಳಿ ಹೋದೆಯಾ ಎಂದು ನೀವು ಕೇಳುತ್ತೀರಿ. ಇಲ್ಲ.

ಈಗ ತಾರಸಿಯ ವಿಷಯ. ಹೋಗುವ ಹಿಂದಿನ ಸಂಜೆ ನೀವು ಆಂಟೆನಾಗಳ ಹೊಸ ಪೈಪಿನ ತುದಿಗೆ ನಮ್ಮ ಟಿವಿಗೆಂದು ಕಟ್ಟಿದ ಆಂಪ್ಲಿಫೈಯರ್ ಪೆಟ್ಟಿಗೆ ಮೂರು ವಾರ ಚಿನ್ನದಂತೆ ಕೆಲಸ ಮಾಡಿತು. ನದಿಯ ಆಚೆ ದಡದ ಬಲ್ಗೇರಿಯದವರ ಸುದ್ದಿ ಓದುವವನ ಕೋಟಿನ ಗುಂಡಿಗಳನ್ನು ಅಮ್ಮ ಎಣಿಸಿದಳು. ನಮ್ಮ ಟಿವಿಯಲ್ಲಿ ದಿನಕ್ಕೆ ಎರಡೇ ಗಂಟೆ ಕಾರ್ಯಕ್ರಮ, ಅದರಲ್ಲಿ ಇರುವುದೇನೆಂದು ನಿಮಗೆ ಗೊತ್ತು. ಹಾಗಾಗಿ ಸಂಜೆಯಾದರೆ ಇಡೀ ಕಟ್ಟಡ ದಕ್ಷಿಣಕ್ಕೆ ಮುಖ ಮಾಡುತ್ತದೆ. ಅಂಗಳದಾಚೆ ಎ ಮೆಟ್ಟಿಲಿನ ಮನೆಯ ಬಸ್ ಡ್ರೈವರ್ ನೇಲು ಕೇಳಿದ: "ಅಲ್ಲ ಸಾಂದಾ, ಆ ಡಬ್ಬಿನ ಟಿವಿ ಪಕ್ಕ ಇಟ್ಕೊಳ್ಳೋದು ಬಿಟ್ಟು ಕಾಗೆ ಕೂರೋ ಜಾಗದಲ್ಲಿ ಯಾಕೆ ಕಟ್ತಾರೆ ನಿಮ್ಮಪ್ಪ?" ನೀವು ನನಗೆ ಹೇಳಿದ್ದನ್ನೇ ಹೇಳಿದೆ. ಹಾಲನ್ನು ಕೆಡುವ ಮೊದಲೇ ಕಾಯಿಸಬೇಕು. ನಲವತ್ತು ಮೀಟರ್ ಕೇಬಲ್ ಇಳಿಯುವಷ್ಟರಲ್ಲಿ ಚಿತ್ರ ಹಾಳಾಗಿರುತ್ತದೆ, ಕೆಳಗೆ ಬಂದ ಮೇಲೆ ಹಿಗ್ಗಿಸಿದರೆ ಹಾಳಾದದ್ದೇ ಹಿಗ್ಗುತ್ತದೆ. ಅವನಿಗೆ ಅರ್ಥವಾಯಿತು.

ಆದರೆ ಮಂಗಳವಾರ ಜೋರಾಗಿ ಗಾಳಿ ಬೀಸಿತು. ಆ ಸಂಜೆಯಿಂದ ಪರದೆಯ ತುಂಬ ಓರೆ ಗೆರೆಗಳು, ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ. ಮಾತು ಮಾತ್ರ ಸರಿಯಾಗಿ ಕೇಳುತ್ತದೆ, ಮುಖ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರವಲ್ಲ, ಎರಡೂ ಮೆಟ್ಟಿಲಿನ ಎಲ್ಲ ಮನೆಗಳಲ್ಲೂ. ಸರ್ಕಾರದ ಮೇಲಿನವರು ಬೇಕೆಂದೇ ಅಡ್ಡಿ ಮಾಡುತ್ತಿದ್ದಾರೆ ಎಂದು ಎಲ್ಲರೂ ಹೇಳುತ್ತಾರೆ. ಕಟ್ಟಡದ ಉಸ್ತುವಾರಿಯ ಒಲಿಂಪಿಯಾ ಅತ್ತೆ, "ಯಾರೋ ಹೋಗಿ ಹೇಳಿದ್ದಾರೆ. ಹೇಳದೆ ನಮ್ಮ ಒಂದು ಕಟ್ಟಡಕ್ಕೇ ಯಾಕೆ ಬರುತ್ತೆ?" ಎಂದರು. ಪಕ್ಕದ ಕಟ್ಟಡದಲ್ಲಿ ಚಿತ್ರ ಚೆನ್ನಾಗಿಯೇ ಇದೆ. ನೇಲು ಪನಾಯಿತ್ ಮಾವನ ಹೆಸರು ಎತ್ತಿದ. ಹೊಸ ಪೈಪಿಗೆ ಕೈಜೋಡಿಸಲು ಅವರೊಬ್ಬರೇ ಒಪ್ಪಿರಲಿಲ್ಲ. ಅದೂ ಅಲ್ಲದೆ, ಹೋದ ವಾರ ಬೂದು ಬಣ್ಣದ ಕಾರಿನಲ್ಲಿ ಬಂದ ಒಬ್ಬನ ಜೊತೆ ಅರ್ಧ ಗಂಟೆ ನಿಂತು ಅವರು ಮಾತಾಡಿದ್ದನ್ನು ಯಾರೋ ನೋಡಿದ್ದಾರಂತೆ.

ಒಲಿಂಪಿಯಾ ಅತ್ತೆ ನಿಮ್ಮನ್ನೇ ಕೇಳಲು ಹೇಳಿದರು. ಈ ವಿಷಯ ತಿಳಿದವರು ಕಟ್ಟಡದಲ್ಲಿ ನೀವೊಬ್ಬರೇ.

ಬೂಟಿನೊಳಗೆ ಪತ್ರಿಕೆ ಕಾಗದ ಹಾಕಿಕೊಳ್ಳಿ ಎಂದು ಅಮ್ಮ ಹೇಳಿದ್ದಾಳೆ.

ಸಾಂದಾ

*

ಮೆಜೀದಿಯಾ
20 ನವೆಂಬರ್ 1986

ಮಗಳೇ,

ಪತ್ರ ಸಿಕ್ಕಿತು. ಕಾಗದ ಹಾಕಿಕೊಂಡಿದ್ದೇನೆ. ಇಲ್ಲಿ ಬಲ್ಗೇರಿಯ ಎಷ್ಟು ಹತ್ತಿರವೆಂದರೆ ಗೋಡೆಗೆ ಒಂದು ತಂತಿ ಚುಚ್ಚಿದರೂ ಚಿತ್ರ ಬರುತ್ತದೆ. ನನ್ನ ವಿದ್ಯೆಗೆ ಇಲ್ಲಿ ಬೆಲೆಯಿಲ್ಲ.

ನೀನು ಹೇಳುವ ಗೆರೆಗಳು ಉಪಕರಣದ ದೋಷವಲ್ಲ. ಅದು ಹೊರಗಿನಿಂದ ಬರುವ ಅಡ್ಡಿ. ಯಾರು ಹೇಳಿರಬಹುದು ಎಂದು ನನ್ನನ್ನು ಕೇಳುವುದೇನಿದೆ? ಪೈಪು ಬೇಡ ಎಂದವರು ಯಾರೋ ಅವರನ್ನೇ ಕೇಳಲಿ. ಒಲಿಂಪಿಯಾಳಿಗೆ ಬೇರೆ ಚೀಟಿ ಇಟ್ಟಿದ್ದೇನೆ, ಕೊಡು.

ತಾರಸಿ ಹತ್ತಬೇಡ. ಮಂಜುಗಡ್ಡೆ ಇರುತ್ತದೆ. ಪೆಟ್ಟಿಗೆಯನ್ನು ಮುಟ್ಟಬೇಡ. ಪತ್ರದಲ್ಲಿ ಇಂಥ ವಿಷಯ ಕಡಿಮೆ ಬರೆ.

ಶಾಲೆಗೆ ವಸಂತದಲ್ಲಾದರೂ ಸೇರಿಕೊಳ್ಳುತ್ತಾರೆ, ಕೇಳಿನೋಡು.

ಅಪ್ಪ

*

ಬೆರ್ಚೆನಿ
ಭಾನುವಾರ, 7 ಡಿಸೆಂಬರ್

ಅಪ್ಪಾ,

ನಿಮ್ಮ ಚೀಟಿಯನ್ನು ಒಲಿಂಪಿಯಾ ಅತ್ತೆ ಮೆಟ್ಟಿಲ ಬಾಗಿಲಲ್ಲಿ ನಿಂತು ಎಲ್ಲರಿಗೂ ಓದಿದರು. "ಮಾತೇಯ್ ಹೇಳಿದ್ದಾನೆ" ಎಂದ ಮೇಲೆ ಯಾರೂ ಮರುಮಾತಾಡಲಿಲ್ಲ. ಪನಾಯಿತ್ ಮಾವನನ್ನು ಯಾರೂ ಕೇಳಲೂ ಇಲ್ಲ. ತೀರ್ಮಾನವಾಗಿತ್ತು.

ಹಾಲಿನಂಗಡಿಯ ಸಾಲು ಈಗಲೂ ಹಾಗೆಯೇ ಇದೆ. ನಾಲ್ಕೂವರೆಗೆ ಬಾಟಲಿ ಚೀಲ ಇಟ್ಟು ಮನೆಗೆ ಹೋಗುವುದು, ಆರಕ್ಕೆ ಬಂದು ಚೀಲದ ಜಾಗದಲ್ಲಿ ನಿಲ್ಲುವುದು. ಚೀಲ ಇದ್ದರೆ ಮನುಷ್ಯ ಇದ್ದಂತೆ. ಇಷ್ಟು ವರ್ಷದಲ್ಲಿ ಯಾರ ಚೀಲವನ್ನೂ ಯಾರೂ ಮುಟ್ಟಿದ್ದಿಲ್ಲ. ಸೋಮವಾರ ಪನಾಯಿತ್ ಮಾವನ ಹಸಿರು ಬಲೆಚೀಲ ಹನ್ನೊಂದನೆಯದಾಗಿತ್ತು. ಅವರು ಬರುವಷ್ಟರಲ್ಲಿ ಸಾಲಿನ ಕೊನೆಯಲ್ಲಿತ್ತು.

"ಯಾರಮ್ಮ ಇದನ್ನ ಸರಿಸಿದ್ದು?" ಎಂದರು.

"ಗಾಳಿ ಇರಬೇಕು, ಪನಾಯಿತ್" ಎಂದರು ಒಲಿಂಪಿಯಾ ಅತ್ತೆ. "ಈಗೀಗ ಗಾಳಿ ಜಾಸ್ತಿ. ಮನೆ ಒಳಗಿನ ಮಾತೂ ಹಾರ್ಕೊಂಡು ಹೋಗುತ್ತೆ."

"ಗಾಜಿನ ಬಾಟ್ಲಿ ಹಾರಿಸೋ ಗಾಳಿ ನಾನು ನೋಡಿಲ್ಲ."

"ನೋಡಿಲ್ಲ ಅಂದ್ರೆ ಹೋಗಿ ಬರೆದುಕೊಟ್ಟು ಬಾ" ಎಂದ ನೇಲು. "ನಿನಗೆ ಆಫೀಸಿನ ದಾರಿ ಗೊತ್ತಲ್ಲ."

ಅವರು ಒಬ್ಬೊಬ್ಬರ ಮುಖವನ್ನೂ ನೋಡಿ, ಹಿಂದೆ ಹೋಗಿ ನಿಂತರು. ಅವರಿಗಿಂತ ಎಂಟು ಜನ ಮುಂದಿರುವಾಗಲೇ ಹಾಲು ಮುಗಿಯಿತು. ಅವರ ಮಗಳು ಟ್ರಾಮಿನ ಕಂಡಕ್ಟರ್, ಬೆಳಿಗ್ಗೆ ಐದಕ್ಕೇ ಹೋಗುತ್ತಾಳೆ. ಮೊಮ್ಮಗಳು ಮಾಲಿನಾಗೆ ಎರಡು ವರ್ಷ. ಈ ವಾರ ನಾಲ್ಕು ದಿನ ಹೀಗೇ ಆಯಿತು.

ಸೋಮವಾರ ಆ ಚೀಲವನ್ನು ಸರಿಸಿದವಳು ನಾನು. ಇದನ್ನು ಬರೆಯದೆ ಬಿಡಬಹುದಿತ್ತು. ಒಲಿಂಪಿಯಾ ಅತ್ತೆ "ನೀನು ಮಾತೇಯ್ ಮಗಳು, ನೀನೇ ಸರಿಸು" ಎಂದರು. ನೀವು ಬರೆದಿದ್ದಿರಲ್ಲ ಎಂದು ಸರಿಸಿದೆ. ಮಂಗಳವಾರದಿಂದ ಬೇರೆಯವರು ಸರಿಸುತ್ತಿದ್ದಾರೆ. ಮೊದಲನೆಯವರು ಒಬ್ಬರು ಸಿಕ್ಕರೆ ಸಾಕು ನೋಡಿ.

ಇನ್ನೊಂದು. ಗೆರೆಗಳ ನಡುವೆ ಅರೆಬರೆ ಕಾಣುವ ಕಥೆಯೂ ಈಗ ಯಾರಿಗೂ ತಿಳಿಯುತ್ತಿಲ್ಲ. ಮೊದಲು ಶನಿವಾರದ ಪತ್ತೇದಾರಿ ಧಾರಾವಾಹಿಗೆ ಎಲ್ಲರೂ ಒಲಿಂಪಿಯಾ ಅತ್ತೆಯ ಮನೆ ಸೇರುತ್ತಿದ್ದರು. ನದಿ ದಡದ ಜೂರ್ಜುವಿನಲ್ಲಿ ಬೆಳೆದ ಪನಾಯಿತ್ ಮಾವ ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು ಬಲ್ಗೇರಿಯದ ಮಾತನ್ನು ನಮ್ಮ ಮಾತಿಗೆ ತಿರುಗಿಸುತ್ತಿದ್ದರು. ಈಗ ಆ ಕುರ್ಚಿಯ ಮೇಲೆ ಕೋಟು ಹಾಕುತ್ತಾರೆ.

ನಿಮಗೆ ಖಚಿತವಾಗಿ ಗೊತ್ತೇ, ಅಪ್ಪಾ?

ಸಾಂದಾ

*

ಬೆರ್ಚೆನಿ
ಭಾನುವಾರ, 21 ಡಿಸೆಂಬರ್

ಅಪ್ಪಾ,

ನಿಮ್ಮಿಂದ ಉತ್ತರ ಬಂದಿಲ್ಲ. ಕಾಯುವಷ್ಟು ತಾಳ್ಮೆ ನನಗಿಲ್ಲ, ಬರೆಯುತ್ತಿದ್ದೇನೆ.

ಗುರುವಾರ ಸಂಜೆ ನಮ್ಮ ಬಿ ಮೆಟ್ಟಿಲಿಗೆ ಕರೆಂಟು ಹೋಯಿತು. ಎ ಮೆಟ್ಟಿಲಿಗೆ ಇತ್ತು. ಅಮ್ಮನೂ ನಾನೂ ನಮ್ಮ ಕುರ್ಚಿ ಹೊತ್ತುಕೊಂಡು ಒಲಿಂಪಿಯಾ ಅತ್ತೆಯ ಮನೆಗೆ ಹೋದೆವು. ನೋಡಿದರೆ ಚಿತ್ರ ಸ್ವಚ್ಛ. ಒಂದು ಗೆರೆಯಿಲ್ಲ.

"ಅತ್ತೆ, ಮುಳ್ಳೆಲ್ಲ ಎಲ್ಲಿ ಹೋಯ್ತು?" ಎಂದೆ.

"ಬಾಯಿ ಮುಚ್ಚೇ, ದೃಷ್ಟಿ ತಾಗುತ್ತೆ" ಎಂದರು.

ನಲವತ್ತು ನಿಮಿಷ ಹಾಗೆಯೇ ಇತ್ತು. ನಾನು ಕಿಟಕಿ ಪಕ್ಕ ಕುಳಿತಿದ್ದೆ. ಎದುರಿಗೆ ಬಿ ಮೆಟ್ಟಿಲಿನ ದೀಪ ಹೊತ್ತಿಕೊಂಡಿತು, ಅದೇ ಕ್ಷಣ ಪರದೆಯ ಮೇಲೆ ಮೀನಿನ ಮುಳ್ಳು. "ನೋಡಿದ್ಯಾ, ಆಸೆ ಹುಟ್ಟಿಸಿ ಕಿತ್ಕೊಳ್ತಾರೆ ಪಾಪಿಗಳು" ಎಂದರು ಅತ್ತೆ. ನಾನು ಎದ್ದು ನಮ್ಮ ಮನೆಗೆ ಓಡಿದೆ. ಕರೆಂಟು ಹೋದಾಗ ಟಿವಿಯ ಗುಂಡಿಯನ್ನು ಆರಿಸದೆ ಬಂದಿದ್ದೆವು. ಟಿವಿ ಚಾಲೂ ಆದರೆ ಅದರ ಹಿಂದಿನ ಟ್ರಾನ್ಸ್‌ಫಾರ್ಮರ್ ಚಾಲೂ ಆಗುತ್ತದೆ, ಅಲ್ಲಿಂದ ಕೇಬಲ್ ಹತ್ತಿ ತಾರಸಿಯ ಪೆಟ್ಟಿಗೆಗೆ ವಿದ್ಯುತ್ತು ಹೋಗುತ್ತದೆ. ಆರಿಸಿ ಮತ್ತೆ ಎ ಮೆಟ್ಟಿಲಿಗೆ ಹೋದೆ. ಸ್ವಚ್ಛ. ಮನೆಗೆ ಬಂದು ಹಾಕಿದೆ, ಹೋಗಿ ನೋಡಿದೆ. ಮುಳ್ಳು. ಮೂರು ಸಲ ಓಡಾಡಿದೆ. "ಹೊಟ್ಟೆ ಸರಿ ಇಲ್ವೇನೇ?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಅದೊಂದು ಸುಳ್ಳು.

ಶುಕ್ರವಾರ ಮಧ್ಯಾಹ್ನ ಬಿಸಿಲಿತ್ತು. ತಾರಸಿ ಹತ್ತಿದೆ. ನೀವು ಬೇಡ ಎಂದಿದ್ದಿರಿ. ಬಟ್ಟೆ ಒಣಗಿಸುವ ಹಗ್ಗವನ್ನು ಸೊಂಟಕ್ಕೂ ಹೊಗೆಗೂಡಿಗೂ ಕಟ್ಟಿಕೊಂಡಿದ್ದೆ. ಪೆಟ್ಟಿಗೆಯನ್ನು ಇಳಿಸಿ ಅಡುಗೆಮನೆಯ ಮೇಜಿನ ಮೇಲೆ ತೆರೆದೆ. ಒಳಗೆ, ಚಿತ್ರ ಬರುವ ಬದಿಗೂ ಹೋಗುವ ಬದಿಗೂ ನಡುವೆ ನೀವು ಯಾವಾಗಲೂ ಒಂದು ತಗಡಿನ ಗೋಡೆ ಇಡುತ್ತೀರಿ. ಆ ಗೋಡೆ ಸಡಿಲವಾಗಿ ಅಲ್ಲಾಡುತ್ತಿತ್ತು. ಗೋಡೆ ಇಲ್ಲದಿದ್ದರೆ ಪೆಟ್ಟಿಗೆ ತನ್ನ ದನಿಯನ್ನೇ ತಾನು ಕೇಳಿಸಿಕೊಂಡು ಊಳಿಡಲು ಶುರುಮಾಡುತ್ತದೆ, ಸಭೆಯಲ್ಲಿ ಮೈಕನ್ನು ಧ್ವನಿವರ್ಧಕದ ಮುಂದೆ ಹಿಡಿದಾಗ ಆಗುವಂತೆ. ಆಮೇಲೆ ಅದು ಹಿಡಿಯುವ ಪೆಟ್ಟಿಗೆಯಲ್ಲ, ಬಿಡುವ ಪೆಟ್ಟಿಗೆ. ಇದನ್ನೂ ನನಗೆ ಹೇಳಿಕೊಟ್ಟವರು ನೀವೇ.

ಅಡ್ಡಿ ಮಾಡುತ್ತಿದ್ದವರು ನಾವು. ಆರು ವಾರ, ಪ್ರತಿ ಸಂಜೆ, ನಾವು ಟಿವಿ ಮುಂದೆ ಕುಳಿತ ಗಳಿಗೆಯಿಂದ ಏಳುವವರೆಗೆ.

ಆ ಗೋಡೆಗೆ ನಾಲ್ಕು ಮೂಲೆಗೆ ನಾಲ್ಕು ಬೊಟ್ಟು ಬೆಸುಗೆ ಇಡುವವರು ನೀವು. ನನಗೆ ಕಲಿಸಿದ್ದೂ ನಾಲ್ಕೇ, ಮೂರು ಇಟ್ಟಾಗ ಕೈ ಮೇಲೆ ಹೊಡೆದದ್ದು ನೆನಪಿದೆ. ಈ ಪೆಟ್ಟಿಗೆಯಲ್ಲಿ ಒಂದೇ ಬೊಟ್ಟು. ಅದೂ ಗಾಳಿಗೆ ಬಿರುಕು ಬಿಟ್ಟಿದೆ. ಒಂದೇ ಯಾಕೆ?

ಪೆಟ್ಟಿಗೆ ಇಳಿಸಿದಾಗಿನಿಂದ ಎಲ್ಲರ ಮನೆಯಲ್ಲೂ ಚಿತ್ರ ಚೆನ್ನಾಗಿದೆ, ನಮ್ಮ ಪರದೆಯಲ್ಲಿ ಬರೀ ಹಿಮದಂಥ ಚುಕ್ಕೆಗಳು. ಒಲಿಂಪಿಯಾ ಅತ್ತೆ ಏನು ಹೇಳುತ್ತಿದ್ದಾರೆ ಗೊತ್ತೇ? "ಬಾಟ್ಲಿ ಸರಿಸಿದ್ದಕ್ಕೇ ದಾರಿಗೆ ಬಂದ. ಹೋಗಿ ಅವರಿಗೆ ಸಾಕು ಅಂದಿದ್ದಾನೆ. ಇನ್ನೂ ಸ್ವಲ್ಪ ದಿನ ಸರಿಸೋಣ, ಬುದ್ಧಿ ಗಟ್ಟಿಯಾಗಲಿ."

ನಿನ್ನೆ ಅವರಿಗೆ ವಿಷಯ ಹೇಳಿದೆ. ನಕ್ಕರು. "ನಿಮ್ಮಪ್ಪ ಬರೆದುಕೊಟ್ಟಿದ್ದಾನಲ್ಲೇ, ಉಪಕರಣದ್ದಲ್ಲ ಅಂತ. ಶಾಲೆ ಬಿಟ್ಟವಳು ನೀನು ಅವನಿಗಿಂತ ಜಾಸ್ತಿ ಕಂಡ್ಯಾ?"

ಆದ್ದರಿಂದ ನೀವೇ ಬರೆಯಬೇಕು. ಎರಡು ಸಾಲು ಸಾಕು. ನಿಮ್ಮ ಮಾತನ್ನು ನಿಮ್ಮ ಮಾತೇ ಅಳಿಸಬೇಕು.

ಸಾಂದಾ

*

ಮೆಜೀದಿಯಾ
4 ಜನವರಿ 1987

ಮಗಳೇ,

ಹೊಸ ವರ್ಷ ನಿಮಗಿಬ್ಬರಿಗೂ ಆರೋಗ್ಯ ತರಲಿ. ಇಲ್ಲಿ ಹಿಮ ಮೊಣಕಾಲಿನವರೆಗೆ. ಕ್ರೇನು ನಿಂತು ಮೂರು ದಿನವಾಯಿತು. ಅಮ್ಮನಿಗೆ ಉಣ್ಣೆ ಕಳಿಸಿದ್ದೇನೆ, ಬೂದು ಬಣ್ಣದ್ದೇ ಸಿಕ್ಕಿದ್ದು.

ಪೆಟ್ಟಿಗೆಗೆ ನಾಲ್ಕು ಬೊಟ್ಟು ಹಾಕು. ಮುಚ್ಚಳದ ಅಂಚಿಗೆ ಮೇಣ ಬಳಿ. ಮೇಲೆ ಕಟ್ಟು. ಯಾರಿಗೂ ಏನೂ ಹೇಳಬೇಡ. ಚಿತ್ರ ಬಂದರೆ ಜನ ಹಳೆಯದನ್ನು ಮರೆಯುತ್ತಾರೆ. ಪನಾಯಿತ್‌ಗೂ ಇದು ಹೊಸದಲ್ಲ, ಅವನ ನಾಲಿಗೆಯಿಂದ ಅವನು ಹಿಂದೆಯೂ ಅನುಭವಿಸಿದ್ದಾನೆ.

ನೀನು ಏಳು ಟನ್ ಆಲೂಗಡ್ಡೆಗಾಗಿ ಶಾಲೆ ಕಳೆದುಕೊಂಡವಳು. ನಿಮ್ಮ ತರಗತಿ ಹೊಲದಲ್ಲಿ ಅಗೆದದ್ದು ನಾಲ್ಕು ಟನ್, ಶಾಲೆಯವರು ಸಭೆಯಲ್ಲಿ ಓದು ಎಂದದ್ದು ಹನ್ನೊಂದು. ಓದಿದ್ದರೆ ಯಾರ ಗಂಟು ಹೋಗುತ್ತಿತ್ತು? ಎಲ್ಲರಿಗೂ ಗೊತ್ತಿರುವ ಸುಳ್ಳನ್ನು ಹೇಳುವುದರಿಂದ ಯಾರಿಗೂ ಮೋಸವಾಗುವುದಿಲ್ಲ. ಈಗ ಒಂದು ಬೊಟ್ಟು ಬೆಸುಗೆಗಾಗಿ ಇಡೀ ಕಟ್ಟಡವನ್ನು ಎದುರು ಹಾಕಿಕೊಳ್ಳಬೇಡ. ನಾಲ್ಕು ಜನರ ನಡುವೆ ಬದುಕಬೇಕಾದವರು ನಾವು.

ಅಪ್ಪ

*

ಬೆರ್ಚೆನಿ
ಭಾನುವಾರ, 18 ಜನವರಿ

ಅಪ್ಪಾ,

ಉಣ್ಣೆ ಬಂತು. ಅಮ್ಮ ನಿಮಗೇ ಟೋಪಿ ಹೆಣೆಯುತ್ತಿದ್ದಾಳೆ.

ಆಲೂಗಡ್ಡೆ ನಾಲ್ಕು ಟನ್ ಇತ್ತು. ನಾನೂ ಅಗೆದವಳು. ಅದರ ಬಗ್ಗೆ ಇಷ್ಟೇ. ಆದರೆ ಇದು ಎಲ್ಲರಿಗೂ ಗೊತ್ತಿರುವ ಸುಳ್ಳಲ್ಲ. ಇದನ್ನು ಎಲ್ಲರೂ ನಂಬಿದ್ದಾರೆ. ಗೊತ್ತಿರುವುದು ನನಗೆ, ಅಮ್ಮನಿಗೆ, ನಿಮಗೆ.

ಪನಾಯಿತ್ ಮಾವ ಈಗ ಚೀಲ ಇಡುವುದಿಲ್ಲ. ಮಾಲಿನಾಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಾಲ್ಕೂವರೆಯಿಂದ ತಾವೇ ನಿಲ್ಲುತ್ತಾರೆ. ಮನುಷ್ಯನನ್ನು ಸರಿಸಲು ಆಗುವುದಿಲ್ಲವಲ್ಲ. ಹೊರಗೆ ಸೊನ್ನೆಗಿಂತ ಹದಿನಾಲ್ಕು ಕೆಳಗೆ. ನಮ್ಮ ಬಾಟಲಿಯಿಂದ ಅರ್ಧ ಕೊಡಲು ಎರಡು ಸಲ ಹೋದೆ. ಬಾಗಿಲು ತೆರೆದು, ನನ್ನನ್ನು ನೋಡಿ, ಮುಚ್ಚಿದರು.

ಹಾಗಾಗಿ ಹೀಗೆ ಮಾಡುತ್ತೇನೆ. ಪೆಟ್ಟಿಗೆಯನ್ನು ದುರಸ್ತಿ ಮಾಡದೆ, ಇದ್ದಂತೆಯೇ ಮತ್ತೆ ಮೇಲೆ ಕಟ್ಟುತ್ತೇನೆ. ಈ ತಿಂಗಳ 31ನೇ ತಾರೀಕು, ಶನಿವಾರ, ಪತ್ತೇದಾರಿ ಧಾರಾವಾಹಿಯ ಕೊನೆಯ ಕಂತು. ಅವತ್ತು ಮೂರು ಸಲ ಗೆರೆ ಬರಿಸುತ್ತೇನೆ, ಮೂರು ಸಲ ತೆಗೆಯುತ್ತೇನೆ. ಯಾವಾಗ ಎಂದು ಅವರೇ ಕಿಟಕಿಯಿಂದ ಕೂಗಿ ಹೇಳಲಿ. ಮನೆಮನೆಗೆ ಹೋಗಿ ಮುಂಚೆಯೇ ತಿಳಿಸುತ್ತೇನೆ. ಕದ್ದು ಮಾಡುವುದಿಲ್ಲ.

ಅಷ್ಟರೊಳಗೆ ನಿಮ್ಮ ಎರಡು ಸಾಲು ಬಂದರೆ ಇದಾವುದೂ ಬೇಕಾಗಿಲ್ಲ.

ನಿಮಗೆ ಮೊದಲಿನಿಂದ ಗೊತ್ತಿತ್ತೇ? ಇದೊಂದನ್ನು ನೀವು ಎರಡು ಪತ್ರದಲ್ಲಿಯೂ ಹೇಳಲಿಲ್ಲ.

ಸಾಂದಾ

ಕೆಳಗೆ ಅಮ್ಮ ಬರೆಯುತ್ತಾಳಂತೆ:
ಮಾತೇಯ್, ನಾನು ಇವಳನ್ನು ತಡೆಯುತ್ತಿಲ್ಲ. ಬಟ್ಟೆ ಹಗ್ಗ ಹಳೆಯದಾಗಿತ್ತು, ಹೊಸದು ತಂದಿದ್ದೇನೆ.

*

ಬೆರ್ಚೆನಿ
ಭಾನುವಾರ, 1 ಫೆಬ್ರವರಿ

ಅಪ್ಪಾ,

ನಿಮ್ಮ ಪತ್ರ ಬರಲಿಲ್ಲ. ಹೇಳಿದಂತೆ ನಿನ್ನೆ ಮಾಡಿದೆ.

ವಾರವೆಲ್ಲ ಬಾಗಿಲು ತಟ್ಟಿದೆ. ಹೆಚ್ಚಿನವರು "ಆಯ್ತಮ್ಮ, ಆಯ್ತು" ಎಂದು ಜ್ವರ ಬಂದವಳನ್ನು ಸಮಾಧಾನಪಡಿಸುವಂತೆ ಮಾತಾಡಿದರು. ಆದರೂ ಸಂಜೆ ಒಲಿಂಪಿಯಾ ಅತ್ತೆಯ ಮನೆಯಲ್ಲಿ ಹದಿನಾರು ಜನ ಇದ್ದರಂತೆ. ನೇಲು ಅವರ ಕಿಟಕಿಯಲ್ಲಿ, ನಾನು ಅಂಗಳದ ಈಚೆ ನಮ್ಮ ಕಿಟಕಿಯಲ್ಲಿ. ಅಮ್ಮ ಟಿವಿಯ ಗುಂಡಿಯ ಮೇಲೆ ಕೈಯಿಟ್ಟು ಕುಳಿತಿದ್ದಳು.

"ಹಾಕು" ಎಂದ ನೇಲು. ಅಮ್ಮ ಹಾಕಿದಳು. ಆಮೇಲೆ ಅವನು ತಲೆ ಹೊರಹಾಕಿ, ಸಣ್ಣ ದನಿಯಲ್ಲಿ, "ತೆಗಿ" ಎಂದ. ತೆಗೆದೆವು.

ಎರಡನೆಯ ಸಲ ಅವನು ನಮ್ಮನ್ನು ಪರೀಕ್ಷಿಸಲು ಹತ್ತು ನಿಮಿಷ ಸುಮ್ಮನಿದ್ದ. ಆಮೇಲೆ ಬೆರಳಷ್ಟೇ ಎತ್ತಿದ. ಹಾಕಿದೆವು, ಬೆರಳು ಇಳಿಸಿದ, ತೆಗೆದೆವು. ಒಳಗಿನಿಂದ ಯಾರೋ "ಕಾಕತಾಳೀಯ" ಎಂದದ್ದು ಕೇಳಿಸಿತು.

ಮೂರನೆಯದಕ್ಕೆ ಅವನು ಕೈ ಎತ್ತುವುದನ್ನೇ ಮರೆತ. ಕಥೆ ಮುಗಿಯುವ ಹೊತ್ತು, ಎಲ್ಲರೂ ಪರದೆಗೆ ಅಂಟಿಕೊಂಡಿದ್ದರು. ಮೂರು ಸಲ ಎಂದು ಹೇಳಿದ್ದೆ. ಅಮ್ಮನಿಗೆ ತಲೆಯಾಡಿಸಿದೆ.

ಒಲಿಂಪಿಯಾ ಅತ್ತೆಯೇ ಕಿಟಕಿಗೆ ಬಂದರು. "ತೆಗಿಯೇ ಹುಡುಗಿ! ಕೊಲೆಗಾರನ ಮುಖ ತೋರಿಸ್ತಿದ್ದಾರೆ, ತೆಗಿಯೇ! ಸಾಂದಾ! ನಿನ್ನ ಕೈ ಮುರಿಯಾ, ಆ ಗುಂಡಿ ತೆಗಿ!"

ತೆಗೆದೆವು. ಅಷ್ಟರಲ್ಲಿ ಹೆಸರುಗಳ ಪಟ್ಟಿ ಓಡುತ್ತಿತ್ತಂತೆ.

ನಂಬದವರು ಯಾರೂ ಒಬ್ಬಳ ಕೈಯ ಗುಂಡಿಯನ್ನು ಬೈಯುವುದಿಲ್ಲ, ಇದು ಅತ್ತೆಗೂ ತಿಳಿಯಿತು ಎಂದು ಕಾಣುತ್ತದೆ. ಅವರು ಕಿಟಕಿಯಲ್ಲೇ ನಿಂತಿದ್ದರು. ಆಮೇಲೆ, "ಪೈಪಿನ ಮೇಲಿರೋ ಡಬ್ಬಿನಾ?" ಎಂದು ಕೇಳಿದರು. "ಹೌದತ್ತೆ." "ಮಾತೇಯ್ ಮಾಡಿದ್ದಾ?" "ಹೌದು." ಕಿಟಕಿ ಮುಚ್ಚಿಕೊಂಡರು.

ಇವತ್ತು ಬೆಳಿಗ್ಗೆ ನಾಲ್ಕು ಬೊಟ್ಟು ಹಾಕಿ ಮತ್ತೆ ಕಟ್ಟಿದೆ. ಚಿತ್ರ ಚೆನ್ನಾಗಿದೆ. ಬಿ ಮೆಟ್ಟಿಲಿನವರು ಯಾರೂ ನಮ್ಮಿಬ್ಬರೊಡನೆ ಮಾತಾಡುತ್ತಿಲ್ಲ. ಬೂದು ಕಾರಿನವನ ವಿಷಯ ಕೇಳಲು ನೇಲು ಪನಾಯಿತ್ ಮಾವನ ಮನೆಗೆ ಹೋಗಿದ್ದನಂತೆ, ಟೋಪಿ ಕೈಯಲ್ಲಿ ಹಿಡಿದುಕೊಂಡು. "ಅವನು ನನ್ನ ತಂಗಿ ಗಂಡ. ಜೂರ್ಜುವಿಂದ ಹಿಟ್ಟು ತಂದಿದ್ದ. ಯಾರಾದ್ರೂ ಕೇಳಿದ್ದರೆ ಹೇಳ್ತಿದ್ದೆ" ಎಂದರಂತೆ.

ನಾನು ಹೋಗಿ, ಮೊದಲ ದಿನ ಚೀಲ ಸರಿಸಿದ್ದು ನಾನು ಎಂದು ಹೇಳಿದೆ. "ಗೊತ್ತು" ಎಂದರು. "ಕಿಟಕಿಯಿಂದ ನೋಡಿದ್ದೆ. ಹಾಲು ಒಡೆದ ಮೇಲೆ ಕಾಯಿಸೋಕೆ ಬಂದ್ಯಾ?" ಅದು ನಿಮ್ಮ ಮಾತು. ನೀವು ಅದನ್ನು ಅವರಿಂದಲೇ ಕಲಿತಿರಬೇಕು, ನನಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿದರು.

ಸಾಂದಾ

*

ಮೆಜೀದಿಯಾ
15 ಫೆಬ್ರವರಿ

ಸಾಂದಾ,

ಗೊತ್ತಿತ್ತು.

ಮೀನಿನ ಮುಳ್ಳಿನ ಹಾಗೆ ಎಂದು ನೀನು ಮೊದಲ ಪತ್ರದಲ್ಲಿ ಬರೆದಾಗಲೇ ಗೊತ್ತಾಯಿತು. ಗಾಳಿ ಎಂದೂ ಬರೆದಿದ್ದೆ. ಪತ್ರವನ್ನು ಮಡಚಿ ಹಾಸಿಗೆಯ ಕೆಳಗಿಟ್ಟು ಒಂದು ವಾರ ತಿರುಗಾಡಿದೆ.

ಒಂದೇ ಬೊಟ್ಟು ಯಾಕೆ ಎಂದು ಕೇಳಿದ್ದೆ. ಅವತ್ತು ಸಂಜೆ ನನ್ನ ಬೆಸುಗೆ ತಂತಿ ಮುಗಿದುಹೋಯಿತು. ಅಂಗಡಿ ಮುಚ್ಚಿತ್ತು, ಬೆಳಿಗ್ಗೆ ನನಗೆ ರೈಲು. ಪನಾಯಿತ್ ಮನೆಯಲ್ಲಿ ಒಂದು ಸುರುಳಿ ಇತ್ತು, ನಾನೇ ನೋಡಿದ್ದೆ. ಆದರೆ ಅದೇ ದಿನ ಬೆಳಿಗ್ಗೆ ಪೈಪಿನ ವಿಷಯಕ್ಕೆ ಮೆಟ್ಟಿಲ ಮೇಲೆ ಎಲ್ಲರೆದುರು ಅವನ ಮೇಲೆ ಕೂಗಾಡಿದ್ದೆ. ಅವನು ಹೇಳಿದ್ದಿಷ್ಟೇ: "ನನಗೆ ಕಿವಿ ಸಾಕು, ಮಾತೇಯ್. ಚಿತ್ರ ನೀವು ನೋಡಿ." ಅವನ ಬಾಗಿಲವರೆಗೆ ಹೋದೆ. ತಟ್ಟಲಿಲ್ಲ. ಒಂದು ಬೊಟ್ಟು ಸಾಕು, ವಸಂತದಲ್ಲಿ ಬಂದು ಸರಿಮಾಡುತ್ತೇನೆ ಎಂದುಕೊಂಡೆ.

ಜೊತೆಗೆ ಎರಡು ಚೀಟಿ ಇವೆ. ತೆರೆದಿರುವುದು ಒಲಿಂಪಿಯಾಳಿಗೆ. ಹಿಂದಿನದನ್ನು ಓದಿದ ಜಾಗದಲ್ಲೇ ನಿಂತು ಓದಲಿ. ಅಂಟಿಸಿರುವುದು ಪನಾಯಿತ್‌ಗೆ.

ನೀನು ಶಾಲೆಗೆ ಹೋಗಬೇಕೆಂದು ನನಗೆ ಈಗಲೂ ಅನ್ನಿಸುತ್ತದೆ. ಆಲೂಗಡ್ಡೆಯ ಮಾತು ಇನ್ನು ಎತ್ತುವುದಿಲ್ಲ.

ಟೋಪಿ ಸರಿಯಾಗಿ ಕೂರುತ್ತದೆ.

ಅಪ್ಪ

*

ಬೆರ್ಚೆನಿ
ಭಾನುವಾರ, 1 ಮಾರ್ಚ್

ಅಪ್ಪಾ,

ಒಲಿಂಪಿಯಾ ಅತ್ತೆ ನಿಮ್ಮ ಚೀಟಿಯನ್ನು ಬಾಗಿಲಲ್ಲಿ ನಿಂತು ಓದಿದರು. ಹಿಂದಿನ ಸಲಕ್ಕಿಂತ ಬೇಗ ಬೇಗ ಓದಿದರು, ಆದರೆ ಪೂರ್ತಿ ಓದಿದರು.

ಅಂಟಿಸಿದ್ದನ್ನು ನಾನು ತೆರೆಯಲಿಲ್ಲ. ಪನಾಯಿತ್ ಮಾವ ಈ ಸಲ ನನ್ನನ್ನು ಒಳಗೆ ಬಿಟ್ಟರು. ಕನ್ನಡಕ ಹುಡುಕಿ, ಕಿಟಕಿಯ ಹತ್ತಿರ ನಿಂತು ಎರಡು ಸಲ ಓದಿದರು. ಅಷ್ಟರಲ್ಲಿ ಮಾಲಿನಾ ನನ್ನ ಅಂಗಿಗೆ ವಸಂತ ಬಂತೆಂದು ಮಾರ್ಚ್ ಒಂದಕ್ಕೆ ಕಟ್ಟುವ ಕೆಂಪು-ಬಿಳಿ ದಾರ ಸಿಕ್ಕಿಸಿದಳು, ತಲೆಕೆಳಗಾಗಿ. ಓದಿ ಮುಗಿಸಿ ಅವರು, "ನಿಮ್ಮಪ್ಪನ ಅಕ್ಷರ ಇನ್ನೂ ಸುಧಾರಿಸಿಲ್ಲ" ಎಂದರು. ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಮೇಜಿನ ಸೆಳೆಖಾನೆಯಿಂದ ಬೆಸುಗೆ ತಂತಿಯ ಸುರುಳಿ ತೆಗೆದು ನೋಡಿ, ಮತ್ತೆ ಒಳಗಿಟ್ಟು ಮುಚ್ಚಿದರು. ನನಗೆ ಕೊಡಲಿಲ್ಲ.

ಬಾಗಿಲವರೆಗೆ ಬಂದು, "ಕೊಲೆ ಮಾಡಿದ್ದು ಯಾರು ಅಂತ ಕಟ್ಟಡದಲ್ಲಿ ಎಲ್ಲಾ ತಲೆ ಕೆಡಿಸ್ಕೊಂಡಿದ್ದಾರಂತೆ?" ಎಂದು ಕೇಳಿದರು.

ಅದು ನಿಜ. ಒಂದು ತಿಂಗಳಿಂದ ಅದೇ ಮಾತು. ಮುಖ ಗೆರೆಯಲ್ಲಿ ಮುಳುಗಿಹೋಯಿತು, ಹೆಸರು ಹೇಳಿದ್ದು ಬಲ್ಗೇರಿಯದ ಮಾತಿನಲ್ಲಿ. ನೇಲು ತೋಟದವನು ಎನ್ನುತ್ತಾನೆ, ಒಲಿಂಪಿಯಾ ಅತ್ತೆ ಹೆಂಡತಿ ಎನ್ನುತ್ತಾರೆ.

"ಮುಳ್ಳು ಬಂದಿದ್ದು ಚಿತ್ರಕ್ಕೆ" ಎಂದರು ಪನಾಯಿತ್ ಮಾವ. "ನಾನು ಇಲ್ಲಿ ಕೂತು ಕೇಳಿಸ್ಕೊಂಡೆ. ಪೂರ್ತಿ."

"ಯಾರು ಮಾವ?"

"ನಿಮ್ಮಪ್ಪ ಬರ್ಲಿ. ನನ್ನ ಬಾಟ್ಲಿ ಹಿಡ್ಕೊಂಡು ಒಂದು ವಾರ ಹಾಲಿನ ಸಾಲಲ್ಲಿ ನಿಲ್ಲಲಿ. ಆಮೇಲೆ ಒಲಿಂಪಿಯಾ ಮನೆಗೆ ಬಂದು ನನ್ನ ಕುರ್ಚಿ ಮೇಲಿರೋ ಕೋಟೆಲ್ಲ ತೆಗೆಸಿ, ಕೂತು ಹೇಳ್ತೀನಿ. ಅಲ್ಲೀವರೆಗೂ ಯಾರಿಗೂ ಇಲ್ಲ."

ಮೆಟ್ಟಿಲು ಇಳಿಯುವಾಗ ಸಿಕ್ಕವರಿಗೆಲ್ಲ ಇದನ್ನು ಹೇಳಿದೆ. ಈಗ ಎರಡೂ ಮೆಟ್ಟಿಲಿನವರು ನಿಮ್ಮ ರಜೆ ಯಾವಾಗ ಎಂದು ಅಮ್ಮನನ್ನು ದಿನವೂ ಕೇಳುತ್ತಿದ್ದಾರೆ. ಏಪ್ರಿಲ್ ಹತ್ತು ಎಂದು ಹೇಳಿದ್ದಾಳೆ.

ಅಂಗಡಿ ಆರಕ್ಕೆ ತೆರೆಯುತ್ತದೆ, ಸಾಲು ನಾಲ್ಕೂವರೆಗೆ. ಪನಾಯಿತ್ ಮಾವ ತಮ್ಮ ಹಸಿರು ಬಲೆಚೀಲವನ್ನು ನನ್ನ ಕೈಗೆ ಕೊಟ್ಟು ಕಳಿಸಿದ್ದಾರೆ, ಬಾಗಿಲ ಹಿಂದೆ ನಿಮ್ಮ ಕೋಟಿನ ಗೂಟಕ್ಕೆ ನೇತುಹಾಕಿದ್ದೇನೆ. ಚೀಲ ಇಟ್ಟು ಮನೆಗೆ ಬರುವಂತಿಲ್ಲ, ಖುದ್ದು ನಿಲ್ಲಬೇಕು ಎಂದಿದ್ದಾರೆ.

ಟೋಪಿ ತನ್ನಿ.

ಸಾಂದಾ